ಅತ್ತೆಯ ಬಾಯಲ್ಲಿ ಮಾತಾಡಿದವರು

ಹಾಲಿನವನು ಅಳೆದು ಹಾಕುವಾಗ ನಾನು ಪಾತ್ರೆ ನೋಡುವುದಿಲ್ಲ, ಅವನ ಮುಖ ನೋಡುತ್ತೇನೆ. ಕಂಡಕ್ಟರ್ ಇನ್ನೇನು ಹೊರಟೇಬಿಡ್ತು ಎಂದರೆ, ಡ್ರೈವರ್ ಸೀಟಿನಲ್ಲಿ ಕೂತಿದ್ದಾನೆಯೇ ಎಂದು ಇಣುಕಿದ ಮೇಲೆಯೇ ಬಸ್ಸು ಹತ್ತುತ್ತೇನೆ. ಯಳಂದೂರಿನ ತವರಿನಲ್ಲಿದ್ದಾಗ ಈ ಗುಣ ಇಷ್ಟಿರಲಿಲ್ಲ. ಕೊಳ್ಳೇಗಾಲಕ್ಕೆ ಮದುವೆಯಾಗಿ ಬಂದು, ಅತ್ತೆಯ ಜೊತೆ ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬಾಳಿದ ಮೇಲೆ ಬೆಳೆಯಿತು. ಯಾಕೆಂದರೆ ನನ್ನ ಅತ್ತೆಯ ಮೈಮೇಲೆ ಬೆಟ್ಟದ ದೇವರು ಮಾದಪ್ಪ ಬರುತ್ತಿದ್ದ.

ಬರುತ್ತಿದ್ದ ಎಂದು ಎಲ್ಲರೂ ಹೇಳುತ್ತಿದ್ದರು. ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನು ಹಾಗೇ ಬಿಟ್ಟು ಮಣೆಯ ಮೇಲೆ ಕೂರುವರು. ಮೊದಲು ಭುಜ ಅದುರುವುದು, ಆಮೇಲೆ ಇಡೀ ಮೈ. ಆಮೇಲೆ ಗಂಟಲಿನಿಂದ ಬೇರೆಯೇ ಒಂದು ದನಿ, ಗಂಡಸಿನ ದನಿ. ಆಗ ಮನೆಯ ಯಜಮಾನ ವಿಭೂತಿ ತಟ್ಟೆ ಹಿಡಿದು ಎದುರು ನಿಂತು ಕೇಳಬೇಕು. ಬಂದ ಉತ್ತರ ಬೆಟ್ಟದ ಮಾದಪ್ಪನದು, ಅದಕ್ಕೆ ಎದುರು ಮಾತಿಲ್ಲ. ದೇವರು ಇಳಿದ ಮೇಲೆ ಅತ್ತೆ ಗೋಡೆಗೆ ಒರಗಿ ನೀರು ಕುಡಿದು, ‘ದೀಪಕ್ಕೆ ಎಣ್ಣೆ ಬುಟ್ರಾ?’ ಎಂದು ಏನೂ ಅರಿಯದವರಂತೆ ಕೇಳುವರು. ಒಂದು ಕಟ್ಟಳೆ ಇತ್ತು: ಅವರ ಬಾಯಿಂದ ಏನು ಬಂತೆಂದು ಅವರಿಗೆ ಯಾರೂ ವಾಪಸ್ಸು ಹೇಳಕೂಡದು. ದೇವರ ಮಾತು ದೇವರದು, ಅದನ್ನು ಆಡಿದ ಬಾಯಿಗೆ ಗೊತ್ತಿರಬಾರದು.

ಮೊದಲನೇ ಸಲ ಮಾದಪ್ಪ ಬಂದದ್ದು ನನ್ನ ಮಾವ ತೀರಿಕೊಂಡ ಮೇಲಿನ ಅಮಾವಾಸ್ಯೆಯಂದು. ಆಗ ಇವರೆಲ್ಲ ನೇಕಾರರ ಬೀದಿಯಲ್ಲಿದ್ದರು. ನನ್ನ ಯಜಮಾನರು ಇನ್ನೂ ಚಿಕ್ಕ ಹುಡುಗ. ಅಪ್ಪ ಬಿಟ್ಟುಹೋದ ಮಗ್ಗಕ್ಕೆ ಹುಡುಗನನ್ನು ಕೂರಿಸುವುದೆಂದು ಅವರ ದೊಡ್ಡಪ್ಪ ತೀರ್ಮಾನ ಮಾಡಿಯಾಗಿತ್ತು. ಅತ್ತೆಯನ್ನು ಯಾರು ಕೇಳುತ್ತಾರೆ, ಗಂಡ ಸತ್ತ ಹೆಂಗಸು. ಆ ಸಂಜೆ ಅತ್ತೆಯ ಮೈ ಅದುರಿ, ‘ಈ ಮಗನ್ನ ಮಗ್ಗದ ಗುಂಡಿಗೆ ಇಳಿಸಬ್ಯಾಡ ಕಣ್ಲಾ, ಇಸ್ಕೂಲಿಗೆ ಆಕು’ ಎಂದು ಮಾದಪ್ಪ ನುಡಿದನಂತೆ. ದೊಡ್ಡಪ್ಪ ಅಲ್ಲೇ ಅಡ್ಡಬಿದ್ದರಂತೆ. ಹುಡುಗ ಓದಿದ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ. ಈ ಕತೆಯನ್ನು ಬೀದಿಯ ಮುದುಕಿಯರು ನನಗೆ ಹೇಳಿದಷ್ಟು ಸಲ ನನ್ನ ತಾಯಿ ನನಗೆ ಬುದ್ಧಿಯನ್ನೂ ಹೇಳಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ನಾವು ಬೀದಿ ಬಿಟ್ಟು ಊರಾಚೆಯ ಹೊಸ ಎಕ್ಸ್‌ಟೆನ್ಷನ್ನಿಗೆ ಬಂದೆವು. ಸಿಮೆಂಟಿನ ಮನೆ, ಮುಂದೆ ಕಾಂಪೌಂಡು, ಗೇಟು, ನಾಲ್ಕು ಗುಲಾಬಿ ಗಿಡ. ಬೀದಿಯಲ್ಲಿ ಪಕ್ಕದ ಮನೆಯ ಮಗ್ಗದ ಸದ್ದು ನಿಂತರೆ ಸಾಕು, ಯಾರಿಗೆ ಜ್ವರ ಎಂದು ಕೇಳಿಕೊಂಡು ಹೋಗುತ್ತಿದ್ದೆವು. ಇಲ್ಲಿ ಯಾರ ಮನೆಯಿಂದಲೂ ಸದ್ದಿಲ್ಲ. ಎಲ್ಲರ ಕಿಟಕಿಗೂ ಪರದೆ, ಎಲ್ಲ ಪರದೆಯ ಹಿಂದೆಯೂ ಒಂದು ಕಣ್ಣು. ಯಾರ ಅಪ್ಪ ಏನು ಮಾಡುತ್ತಿದ್ದರೆಂದು ಯಾರೂ ಕೇಳುವುದಿಲ್ಲ, ಆದರೆ ಎಲ್ಲರೂ ಊಹೆ ಮಾಡುತ್ತಿರುತ್ತಾರೆ. ನನಗಂತೂ ಆ ಜಾಗ ಮೊದಲ ದಿನದಿಂದಲೇ ಸರಿಬರಲಿಲ್ಲ. ಯಜಮಾನರಿಗೆ ಬಲು ಇಷ್ಟವಾಯಿತು. ಅಮಾವಾಸ್ಯೆ ಬಂದರೆ ಮಾತ್ರ ಅವರಿಗೆ ಮುಜುಗರ. ಹಳೆಯ ಬೀದಿಯಿಂದ ಬರುವ ಮುದುಕಿಯರನ್ನು ಹಿತ್ತಿಲಿಂದ ಒಳಗೆ ಬಿಟ್ಟು, ಕಿಟಕಿಗಳನ್ನೆಲ್ಲ ಮುಚ್ಚಿ, ಆಚೆ ಕೇಳಬಾರದೆಂದು ರೇಡಿಯೋ ಜೋರಾಗಿ ಹಾಕುವರು. ಒಂದು ಸಲ ಮಾದಪ್ಪನೇ ‘ಆರ್ಸ್ಲಾ ಅದ’ ಎಂದ. ಓಡಿಹೋಗಿ ಆರಿಸಿದರು.

ಇನ್ನು ನನ್ನ ಅನುಮಾನದ ಮಾತು. ಈ ಮನೆಯಲ್ಲಿ ಸ್ನಾನಕ್ಕೆ ಮುಂಚೆ ಕಾಫಿ ಕುಡಿಯುವವರಿದ್ದಾರೆ ಎಂದು ಮಾದಪ್ಪ ಒಂದು ಅಮಾವಾಸ್ಯೆ ನುಡಿದ. ಕುಡಿಯುತ್ತಿದ್ದವಳು ನಾನು. ಏಳು ಮಲೆಯ ಒಡೆಯನಿಗೆ ನನ್ನ ಕಾಫಿ ಲೋಟದ ಚಿಂತೆ ಯಾಕೆ ಬಂತು, ಅವನಿಗೆ ಹೇಳಿದವರು ಯಾರು? ಆ ಹೊತ್ತಿಗೆ ಅಡುಗೆಮನೆಯಲ್ಲಿ ಇರುತ್ತಿದ್ದವರು ಅತ್ತೆ ಒಬ್ಬರೇ. ಸೀಮೆಎಣ್ಣೆ ಸ್ಟೌವ್ ಅಡುಗೆಮನೆಯೊಳಗೆ ಬರಕೂಡದು ಎಂದೂ ಅಪ್ಪಣೆಯಾಗಿ, ತಂದ ಸ್ಟೌವ್ ಹಿತ್ತಿಲ ಬಾಗಿಲ ಬಳಿ ಕೂತಿತ್ತು. ನಾನು ಜ್ವರದಲ್ಲಿ ಮಲಗಿದ್ದಾಗ ಅದೇ ಸ್ಟೌವ್‌ಗೆ ಅತ್ತೆ ಪಿನ್ನು ಚುಚ್ಚಿ ಪಂಪು ಹೊಡೆದು ಗಂಜಿ ಕಾಯಿಸಿದ್ದನ್ನು ಮಲಗಿದಲ್ಲಿಂದಲೇ ಕಂಡೆ. ಒಂದು ಮಾತ್ರ ನನ್ನ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಮಗ ಪ್ಯಾಂಟು ಹಾಕಿ ಕಚೇರಿಗೆ ಹೋಗತೊಡಗಿದ ಮೇಲೆ ಅತ್ತೆ ಅವರನ್ನು ‘ಅಪ್ಪಾ’ ಎಂದೇ ಕರೆಯುವರು, ದನಿ ಎತ್ತಿದವರಲ್ಲ. ಮಾದಪ್ಪ ಮಾತ್ರ ಅದೇ ಬಾಯಿಂದ ‘ಲೇ’ ಎನ್ನುತ್ತಿದ್ದ. ಆ ‘ಲೇ’ ಕೇಳಿದರೆ ಯಜಮಾನರು ತಟ್ಟೆ ಹಿಡಿದೇ ಬಗ್ಗಿ ನಿಲ್ಲುವರು. ಅಷ್ಟು ಚೆನ್ನಾಗಿ ನಟನೆ ಮಾಡಲು ನನ್ನ ಅತ್ತೆಗೆ ಬರುತ್ತದೆಯೇ ಎಂದು ಆಗ ನನ್ನ ಅನುಮಾನದ ಮೇಲೇ ನನಗೆ ಅನುಮಾನ ಬರುತ್ತಿತ್ತು.

ಹೀಗಿರುವಾಗ ಎದುರು ಮನೆಗೆ ಮೈಸೂರಿನಿಂದ ವರ್ಗವಾಗಿ ಒಬ್ಬ ಲೆಕ್ಚರರ್ ಬಂದರು. ಮನಶ್ಶಾಸ್ತ್ರ ಓದಿಕೊಂಡವರು. ಬಂದ ಮೊದಲ ಅಮಾವಾಸ್ಯೆಗೇ ನಮ್ಮ ಮುಚ್ಚಿದ ಕಿಟಕಿ ನೋಡಿ ಅವರ ಮೂಗು ಅರಳಿತು. ಯಜಮಾನರನ್ನು ಗೇಟಿನ ಬಳಿ ನಿಲ್ಲಿಸಿ ಮೆಲ್ಲಗೆ ವಿಚಾರಿಸಿದರು. ಅಲ್ಲಿಂದ ಭಾನುವಾರದ ಬೆಳಗ್ಗೆ ನಮ್ಮ ವರಾಂಡದಲ್ಲಿ ಕೂತು ಕಾಫಿ ಕುಡಿಯುವುದು ಅವರ ಪದ್ಧತಿಯಾಯಿತು. ಮನುಷ್ಯನ ಮನಸ್ಸಿನಲ್ಲಿ ನಮಗೆ ಕಾಣುವುದು ಜಗುಲಿ ಮಾತ್ರ, ಕೆಳಗೊಂದು ನೆಲಮಾಳಿಗೆ ಇದೆ, ಆಸೆಗಳನ್ನೆಲ್ಲ ನಾವು ಅದರೊಳಗೆ ತುಂಬಿ ಬೀಗ ಹಾಕಿದ್ದೇವೆ, ಅವು ಕನಸಿನಲ್ಲೋ ಮೈಮೇಲೆ ಬರುವುದರಲ್ಲೋ ಈಚೆ ಬರುತ್ತವೆ ಎಂದು ವಿವರಿಸಿದರು. ನಮ್ಮ ಎಕ್ಸ್‌ಟೆನ್ಷನ್ನಿನಲ್ಲಿ ಒಂದು ಮನೆಗೂ ನೆಲಮಾಳಿಗೆ ಇರಲಿಲ್ಲ. ಆದರೂ ಯಜಮಾನರಿಗೆ ಆ ಮಾತು ಹಿಡಿಸಿಬಿಟ್ಟಿತು.

ಯಜಮಾನರನ್ನು ಪೂರಾ ದೂರಲಾರೆ. ಅವರು ಓದುವಾಗ ಊರು ಮದ್ರಾಸಿಗೆ ಸೇರಿತ್ತು, ಕೆಲಸಕ್ಕೆ ಸೇರುವಾಗ ಮೈಸೂರಿಗೆ ಸೇರಿತ್ತು. ಹುಟ್ಟಿದ್ದು ಮಗ್ಗದ ಪಕ್ಕ, ಈಗ ಗುಲಾಬಿಗೆ ನೀರು ಹಾಕುವವರು. ಇದರಲ್ಲಿ ತಾವು ನಿಜವಾಗಿ ಯಾರು ಎಂದು ಅವರಿಗೆ ಒಳಗೊಳಗೇ ಕೊರೆಯುತ್ತಿದ್ದಿರಬೇಕು. ವಾರದ ಕನಸುಗಳನ್ನು ಜೋಪಾನವಾಗಿ ಕಟ್ಟಿಟ್ಟು ಭಾನುವಾರ ಲೆಕ್ಚರರ್ ಮುಂದೆ ಬಿಚ್ಚುವರು. ಅಲ್ಲಿಂದಾಚೆಗೆ ಮನೆಯಲ್ಲಿ ಎಲ್ಲಕ್ಕೂ ಸುಪ್ತ ಮನಸ್ಸೇ ಕಾರಣವಾಯಿತು. ಸಾರಿಗೆ ಉಪ್ಪು ಮರೆತರೆ ನನ್ನ ಸುಪ್ತ ಮನಸ್ಸಿನಲ್ಲಿ ಅವರ ಮೇಲೆ ಸಿಟ್ಟಿದೆ ಎನ್ನುವರು. ಮರೆಯದೆ ಹಾಕಿದಾಗಲೂ ಸಿಟ್ಟಿತ್ತು, ಅದು ಅವರಿಗೆ ತಿಳಿಯಲಿಲ್ಲ. ತಮ್ಮ ನಿಜವಾದ ತಾನು ಸಿಕ್ಕಿತು ಎಂದು ಒಂದು ದಿನ ಹೇಳಿದರು. ಅದಕ್ಕೆ ಭಾನುವಾರ ಗಡ್ಡ ಕೆರೆಯುವುದು ಬೇಡವಂತೆ, ವರಾಂಡದಲ್ಲಿ ಬೆತ್ತದ ಕುರ್ಚಿ ಬೇಕಂತೆ. ಆ ನಿಜವಾದ ತಾನು ಒಂದು ದಿನವೂ ಬಿಂದಿಗೆ ಎತ್ತಬೇಕೆಂದು ಆಸೆಪಟ್ಟದ್ದು ನಾನು ಕಾಣೆ.

ಲೆಕ್ಚರರ್ ನನ್ನನ್ನೂ ಬಿಡಲಿಲ್ಲ. ಕಾಫಿ ಲೋಟ ತೆಗೆದುಕೊಳ್ಳುತ್ತ, ನಿಮ್ಮೊಳಗಿನ ನಿಜವಾದ ನೀವು ಯಾರು ಎಂದು ಎಂದಾದರೂ ಕೇಳಿಕೊಂಡಿದ್ದೀರಾ ಅಂದರು. ನಲ್ಲಿಯಲ್ಲಿ ನೀರು ನಿಲ್ಲುತ್ತೆ, ಆಮೇಲೆ ಕೇಳ್ಕೋತೀನಿ ಅಂದೆ. ನಕ್ಕರು. ನಾನು ಅವರ ಮನೆಗೆ ಸಕ್ಕರೆ ವಾಪಸ್ಸು ಕೊಡಲು ಹೋದಾಗ ಅವರ ಹೆಂಡತಿ ಹೊರಗೆ ಬರಲಿಲ್ಲ. ಬಾಗಿಲ ಸಂದಿಯಿಂದ ಒಂದು ಕೈ ಬಂದು ಡಬ್ಬ ತೆಗೆದುಕೊಂಡಿತು. ಎಲ್ಲರ ನೆಲಮಾಳಿಗೆಯ ಬೀಗ ತೆಗೆಯುವ ಈ ಮಹಾನುಭಾವರ ಮನೆಯಲ್ಲಿ ಆಕೆ ನಡುಮನೆಗೂ ಬರುವ ಹಾಗಿಲ್ಲ. ಅವತ್ತಿನಿಂದ ಅವರ ಒಂದು ಮಾತನ್ನೂ ನಾನು ನಂಬಲಿಲ್ಲ.

ಆಗ ನನಗೆ ಕೆಲಸ ಬಂತು. ಮದುವೆಗೆ ಮುಂಚೆಯೇ ನಾನು ಮೇಷ್ಟ್ರ ಟ್ರೈನಿಂಗ್ ಮುಗಿಸಿದ್ದೆ. ಯಾವಾಗಲೋ ಹಾಕಿದ್ದ ಅರ್ಜಿಗೆ ಹನೂರಿನ ಪ್ರಾಥಮಿಕ ಶಾಲೆಗೆ ಸೇರಿಕೊಳ್ಳಲು ಆರ್ಡರ್ ಆಯಿತು. ಬೆಳಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರಬಹುದು. ತಿಂಗಳೊಳಗೆ ಸೇರದಿದ್ದರೆ ಕೆಲಸ ಬೇರೆಯವರಿಗೆ. ಆ ಕಾಗದ ಕೈಗೆ ಬಂದಾಗ ನನಗೆ ಆದ ಸಂತೋಷವನ್ನು ಬಚ್ಚಿಡುವುದಿಲ್ಲ, ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಆ ಪರದೆಗಳ ನಡುವೆ ಕೂತು ಕೂತು ನನಗೆ ಹುಚ್ಚು ಹಿಡಿಯುವುದೊಂದು ಬಾಕಿಯಿತ್ತು.

ಯಜಮಾನರು ಬೇಡ ಎನ್ನಲಿಲ್ಲ. ಹಾಗೆ ಅನ್ನುವ ಧೈರ್ಯವಿದ್ದ ಗಂಡಸಲ್ಲ ಅವರು. ನಮ್ಮ ಮಗಳು ಇನ್ನೂ ಕೈಗೂಸು, ಎಕ್ಸ್‌ಟೆನ್ಷನ್ನಿನವರು ಏನೆಂದುಕೊಳ್ಳುತ್ತಾರೋ ಎಂದು ರಾಗ ಎಳೆದು, ಕೊನೆಗೆ ಅಮಾವಾಸ್ಯೆಗೆ ಮಾದಪ್ಪನನ್ನೇ ಕೇಳೋಣ, ಅವನು ಹೇಳಿದ ಹಾಗೆ ಆಗಲಿ ಅಂದರು. ಕಾಫಿ ಕುಡಿಯುವುದಕ್ಕೇ ಒಪ್ಪದ ದೇವರು ಕೆಲಸಕ್ಕೆ ಹೋಗಲು ಒಪ್ಪುತ್ತಾನೆಯೇ? ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಮಾವಾಸ್ಯೆಯವರೆಗೆ ನಾನು ಅತ್ತೆಯ ಮುಖವನ್ನೇ ಓದುತ್ತ ಓಡಾಡಿದೆ. ಕೆಲಸದ ವಿಷಯ ಅವರ ಕಿವಿಗೆ ಬಿದ್ದಿತ್ತು, ಆದರೆ ಒಂದು ಮಾತೂ ಎತ್ತಲಿಲ್ಲ. ಮಗುವಿಗೆ ಎಣ್ಣೆ ತೀಡುವರು, ಅವರೆಕಾಯಿ ಸುಲಿಯುವರು, ನನ್ನನ್ನು ಕಂಡರೆ ಸುಮ್ಮನೆ ನಗುವರು.  ಯಾವುದಕ್ಕೂ ಇರಲಿ ಎಂದು ಒಂದು ಸಂಜೆ ಅವರ ಕಾಲೊತ್ತಲು ಕೂತೆ. ‘ಏನವ್ವಾ, ಇವತ್ತು ಸೇವೆ ಬಲು ಜೋರಾಗದೆ’ ಅಂದರು. ಕೈ ಎಳೆದುಕೊಂಡು ಎದ್ದುಹೋದೆ.

ಅಮಾವಾಸ್ಯೆ ಶನಿವಾರ ಬಿತ್ತು. ಯಜಮಾನರು ಲೆಕ್ಚರರನ್ನೂ ಕರೆದು ನಡುಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಟ್ಟಿದ್ದರು. ದೇವರನ್ನು ನೋಡಲು ಬಂದವರು ಕುರ್ಚಿಯ ಮೇಲೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅತ್ತೆ ಮಣೆಯ ಮೇಲೆ ಕೂತರು. ಮೈ ಅದುರಿತು, ದನಿ ಬಂತು. ಯಜಮಾನರು ತಟ್ಟೆ ಹಿಡಿದು, ಮನೆ ಹೆಣ್ಣು ದುಡಿಯಲು ಹನೂರಿಗೆ ಹೋಗಬೇಕಂತೆ, ಹೋಗಬಹುದೇ ಕೂಡದೇ ಎಂದು ಕೇಳಿದರು. ನಾನು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದೆ. 

‘ಕಳಿಸ್ಲಾ ಲೇ. ನನ್ನ ಬೆಟ್ಟದ ದಾರೀಲಿ ಓಗ್ತಾಳೆ, ಬತ್ತಾಳೆ. ಅವಳ ಕಾಲ ಕಟ್ಟಬ್ಯಾಡ.’

ಯಜಮಾನರ ಕೈಯ ತಟ್ಟೆ ಓರೆಯಾಗಿ ವಿಭೂತಿ ನೆಲಕ್ಕೆ ಚೆಲ್ಲಿತು. ನಾನು ಅಲ್ಲೇ ಕೂತು ಚೆಲ್ಲಿದ ವಿಭೂತಿ ಬಳಿದೆ. ಆದರೆ ಹಾಳು ಗುಣ ನೋಡಿ, ಸಂತೋಷದ ಬೆನ್ನಿಗೇ ಅನುಮಾನವೂ ಬಂತು. ಸೊಸೆಯನ್ನು ಬೆಳಗಾದರೆ ಮನೆಯಿಂದ ಸಾಗಹಾಕಿ, ಅಡುಗೆಮನೆಯನ್ನೂ ಮಗನನ್ನೂ ತಾನೇ ಆಳುವ ಹೂಟವೇ ಇದು? ಅತ್ತೆ ಗೋಡೆಗೊರಗಿ ನೀರು ಕುಡಿದು, ದೀಪಕ್ಕೆ ಎಣ್ಣೆ ಬಿಟ್ಟಿರಾ ಎಂದು ಎಂದಿನಂತೆ ಕೇಳಿದರು. ಕಟ್ಟಳೆಯಂತೆ ಯಾರೂ ಏನೂ ಹೇಳಲಿಲ್ಲ.

ಮರುದಿನ ಭಾನುವಾರ. ವರಾಂಡದಲ್ಲಿ ಇಬ್ಬರೂ ಕೂತು ಬಹಳ ಹೊತ್ತು ಗುಸುಗುಸು ಮಾಡಿದರು. ಕಾಫಿ ತಂದ ನನ್ನನ್ನು ನಿಲ್ಲಿಸಿ ಯಜಮಾನರು ಗಂಟಲು ಸರಿಮಾಡಿಕೊಂಡರು. ನಿನ್ನೆ ‘ಕಳಿಸು’ ಅಂದದ್ದು ಮಾದಪ್ಪ ಅಲ್ಲವಂತೆ. ಅವ್ವನ ಸುಪ್ತ ಮನಸ್ಸಂತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಳಗೆ ಕೂತ ಹೆಂಗಸು, ಹೊರಗೆ ಹೋಗುವ ಆಸೆಯನ್ನು ಅದುಮಿಕೊಂಡಿದ್ದರಂತೆ, ಅದು ನನ್ನನ್ನು ನೆಪ ಮಾಡಿಕೊಂಡು ಈಗ ಹೊರಗೆ ಬಂದಿದೆಯಂತೆ. ಇದು ಒಂದು ಬಗೆಯ ಕಾಯಿಲೆ, ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಬೇಕು. ಕಾಯಿಲೆಯವರ ಮಾತು ಕೇಳಿಕೊಂಡು ಸಂಸಾರ ನಡೆಸಲು ಆಗುವುದಿಲ್ಲ, ಆದ್ದರಿಂದ ಕೆಲಸದ ವಿಷಯ ಇಲ್ಲಿಗೆ ಬಿಡು ಅಂದರು. ಲೆಕ್ಚರರ್ ತಲೆಯಾಡಿಸಿ ಕಾಫಿ ಹೀರಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ದೇವರು ಬೇಡ ಎಂದಿದ್ದರೆ ದೇವರಾಗಿಯೇ ಉಳಿಯುತ್ತಿದ್ದ. ಹೋಗಲಿ ಎಂದದ್ದಕ್ಕೆ ಕಾಯಿಲೆಯಾದ. ಇದನ್ನು ಬಾಯಿಬಿಟ್ಟು ಹೇಳಿಯೇಬಿಟ್ಟೆ. ಯಜಮಾನರು ನನ್ನ ಮುಖ ನೋಡದೆ, ‘ವಿಜ್ಞಾನ ಹಂಗೆ ಹೇಳುತ್ತೆ’ ಅಂದರು. ಹನೂರು ನನ್ನ ಕೈಯಿಂದ ಹೋಯಿತು ಎಂದು ಆಗ ನನಗೆ ಖಚಿತವಾಯಿತು.

ಒಳಗೆ ರುಬ್ಬುವ ಗುಂಡಿನ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ಅತ್ತೆ ಕೈಯ ಹಿಟ್ಟನ್ನೂ ತೊಳೆಯದೆ ಬಾಗಿಲಿಗೆ ಬಂದು ನಿಂತರು. ಲೆಕ್ಚರರ್ ಕಡೆ ತಿರುಗಿಯೂ ನೋಡಲಿಲ್ಲ. ಮೈ ಅದುರಲಿಲ್ಲ, ದನಿ ಅವರದೇ ದನಿ.

‘ಲೇ ಮಗಾ, ಮಾದಪ್ಪ ಅಲ್ಲ ಕಣ್ಲಾ. ನಾನೇ ಯೇಳಿದ್ದು. ಈಗ್ಲೂ ನಾನೇ ಯೇಳ್ತಿವ್ನಿ. ಅವಳ ಕಳಿಸು.’

ಹಗಲು ಹೊತ್ತಿನಲ್ಲಿ, ಮಣೆ ಇಲ್ಲದೆ ವಿಭೂತಿ ಇಲ್ಲದೆ ಅವರು ಮಗನನ್ನು ‘ಲೇ’ ಅಂದದ್ದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಲೆಕ್ಚರರ್ ಲೋಟ ಕೆಳಗಿಟ್ಟು, ನೋಡಿದಿರಾ, ರೋಗಿಯೇ ಒಪ್ಪಿಕೊಂಡರೆ ಅರ್ಧ ಗುಣವಾದ ಹಾಗೆ ಎಂದು ಹಿಗ್ಗಿದರು. ಯಜಮಾನರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಮುಖ ಬಿಳಿಚಿಕೊಂಡು ತಾಯಿಯನ್ನೇ ನೋಡುತ್ತಿದ್ದರು.

‘ಹಂಗಾದ್ರೆ ಅವ್ವ,’ ಅಂದರು, ‘ನನ್ನನ್ನ ಮಗ್ಗಕ್ಕೆ ಕೂರಿಸ್ಬೇಡ, ಸ್ಕೂಲಿಗೆ ಹಾಕು ಅಂದದ್ದು?’

ಅತ್ತೆ ಕೈಯ ಹಿಟ್ಟನ್ನು ನೋಡಿಕೊಂಡರು.

‘ಯಾರ್ ಯೇಳುದ್ರೆ ಏನ್ ಮಗಾ. ನೀನು ಓದ್ದೆ ಅಲ್ವಾ.’

ಅಷ್ಟು ಹೇಳಿ ಒಳಗೆ ಹೋದರು. ರುಬ್ಬುವ ಗುಂಡಿನ ಸದ್ದು ಮತ್ತೆ ಶುರುವಾಯಿತು. ಆ ಮಾತು ಕಾಯಿಲೆಯಾದರೆ ಇವರ ಓದು, ಗುಮಾಸ್ತಗಿರಿ, ಈ ಗೇಟು, ಗುಲಾಬಿ, ಬೆತ್ತದ ಕುರ್ಚಿ ಎಲ್ಲವೂ ಕಾಯಿಲೆಯಿಂದಲೇ ಬಂದದ್ದು. ಯಜಮಾನರು ಆ ಕುರ್ಚಿಯಲ್ಲಿ ಕೂತೇ ಇದ್ದರು. ಲೆಕ್ಚರರ್ ಇನ್ನೇನೋ ವಿವರಿಸಲು ಹೊರಟಾಗ, ‘ಇವತ್ತಿಗೆ ಸಾಕು ಸಾರ್’ ಅಂದರು. ಊಟದ ಹೊತ್ತಿಗೆ ನನ್ನ ಕಡೆ ನೋಡದೆ, ಹನೂರಿನ ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತೆ ವಿಚಾರಿಸಿಕೊಂಡು ಬರ್ತೀನಿ ಎಂದರು.

ನಾನು ಕೆಲಸಕ್ಕೆ ಸೇರಿದೆ. ಗಡಿಯ ಮಾರ್ಟಳ್ಳಿ ಕಡೆಯಿಂದ ಬಂದು ನೆಂಟರ ಮನೆಯಲ್ಲಿದ್ದ ಮಕ್ಕಳು ತಮಿಳು ಬೆರೆಸಿ ಪಾಠ ಒಪ್ಪಿಸುವರು, ನಾನು ನಗು ತಡೆದುಕೊಂಡು ತಿದ್ದುತ್ತಿದ್ದೆ. ಮನೆಯಲ್ಲಿ ಮಗುವನ್ನು ಅತ್ತೆಯೇ ನೋಡಿಕೊಂಡರು. ಅಡುಗೆಮನೆಯನ್ನು ಆಳಲಿಲ್ಲ, ನಾನು ಬರುವ ಹೊತ್ತಿಗೆ ಕಾಫಿ ಮಾಡಿಡುತ್ತಿದ್ದರು ಅಷ್ಟೆ. ಮುಂದಿನ ಅಮಾವಾಸ್ಯೆಗೆ ಎಂದಿನಂತೆ ತಲೆಗೆ ನೀರು ಹಾಕಿಕೊಂಡು ಮಣೆಯ ಮೇಲೆ ಕೂತರು. ನೇಕಾರರ ಬೀದಿಯಿಂದ ಬಂದಿದ್ದ ಮುದುಕಿಯರು ಕೈಮುಗಿದು ಕಾದರು. ಮಾದಪ್ಪ ಬರಲಿಲ್ಲ. ಅದರ ಮುಂದಿನ ಅಮಾವಾಸ್ಯೆಗೂ ಬರಲಿಲ್ಲ. ಅತ್ತೆ ಕಣ್ಣುಬಿಟ್ಟುಕೊಂಡು ಕೂತಿದ್ದು, ಒಂದು ಹೊತ್ತಿನಲ್ಲಿ ಎದ್ದು ಒಲೆಯ ಮುಂದೆ ಹೋದರು. ಬೀದಿಯವರು ಬರುವುದನ್ನು ಬಿಟ್ಟರು. ಎದುರು ಸಿಕ್ಕರೆ ಅಡ್ಡಬೀಳುತ್ತಿದ್ದವರು ಈಗ ಬರೀ ಚೆನ್ನಾಗಿದ್ದೀಯಾ ಅನ್ನುತ್ತಿದ್ದರು. ಅತ್ತೆ ಚೆನ್ನಾಗಿವ್ನಿ ಅನ್ನುತ್ತಿದ್ದರು. ಲೆಕ್ಚರರ್ ಇದನ್ನು ತಮ್ಮ ಶಾಸ್ತ್ರದ ಗೆಲುವು ಎಂದು ಹೇಳಿಕೊಂಡು ತಿರುಗಿ, ಆಮೇಲೆ ವರ್ಗವಾಗಿ ಹೋದರು. ಲಾರಿಗೆ ಸಾಮಾನು ತುಂಬುವ ದಿನ ಅವರ ಹೆಂಡತಿಯ ಮುಖವನ್ನು ನಾನು ಮೊದಲ ಸಲ ನೋಡಿದೆ.

ನಾನು ಗೆದ್ದೆ ಎಂದು ಸುಮ್ಮನಿರಬಹುದಿತ್ತು. ಅತ್ತೆಯೇ ಬಾಯಿಬಿಟ್ಟು ಹೇಳಿದ ಮೇಲೆ ನನ್ನ ಇಷ್ಟು ವರ್ಷದ ಅನುಮಾನ ನಿಜವಾಯಿತಲ್ಲ. ಆದರೆ ಹನೂರಿನ ಬಸ್ಸಿನಲ್ಲಿ ಕೂತು ಕೂತು ಇನ್ನೊಂದು ಅನುಮಾನ ತಲೆಗೆ ಹತ್ತಿತು. ‘ಕಳಿಸು ಎಂದದ್ದು ನಾನೇ’ ಎಂದರಲ್ಲ ಅತ್ತೆ, ಹಾಗೆಂದದ್ದು ಅವರಿಗೆ ನೆನಪಿತ್ತೆಂದೇ ಯಾಕೆ ತಿಳಿಯಬೇಕು? ಯಜಮಾನರು ವರಾಂಡದಲ್ಲಿ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಾಗ ಒಳಗೆ ರುಬ್ಬುವ ಗುಂಡು ನಿಂತಿತ್ತು. ಮಾದಪ್ಪನ ಮಾತಿಗೆ ಬೆಲೆ ಹೋಯಿತೆಂದು ಕೇಳಿಸಿಕೊಂಡು, ನನ್ನ ಕೆಲಸ ಉಳಿಸಲು ದೇವರ ಮಾತನ್ನು ತಮ್ಮದೆಂದು ಸುಳ್ಳು ಹೇಳಿದರೇ? ಮಾದಪ್ಪನನ್ನು ನಂಬಿದ ಜೀವಕ್ಕೆ ಅದಕ್ಕಿಂತ ದೊಡ್ಡ ಪಾಪ ಬೇರೆ ಇಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ, ಮಗಳು ತಾನೇ ಸ್ಕೂಲಿಗೆ ಹೋಗಿಬರುವಷ್ಟಾದ ಮೇಲೆ, ಅತ್ತೆ ಬೆಟ್ಟಕ್ಕೆ ಹೋಗಬೇಕು ಅಂದರು. ನಡೆಯುವ ಶಕ್ತಿ ಇರಲಿಲ್ಲ, ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಗುಡಿಯಲ್ಲಿ ನೂಕುನುಗ್ಗಲು. ಮಂಗಳಾರತಿ ಆಗುವಾಗ ಅತ್ತೆ ಎರಡೂ ಕೆನ್ನೆಗೆ ಹೊಡೆದುಕೊಳ್ಳತೊಡಗಿದರು. ಮೆಲ್ಲಗೆ ಅಲ್ಲ, ಸದ್ದಾಗುವಂತೆ. ‘ತಪ್ಪಾಯ್ತು ಮಾದಪ್ಪಾ, ಒಟ್ಟೆಗಾಕ್ಕೊ’ ಎಂದು ಮತ್ತೆ ಮತ್ತೆ ಹೇಳಿದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅವತ್ತೊಂದೇ ದಿನ.  ಹೊರಗೆ ಬಂದು ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟು ಕೇಳಿಯೇಬಿಟ್ಟೆ.

‘ಯಾವ ತಪ್ಪು ಅತ್ತೆ? ಅವನ ಹೆಸರು ಹೇಳ್ಕೊಂಡು ನೀವು ಮಾತಾಡಿದ್ದಾ, ಇಲ್ಲಾ ಅವನ ಮಾತನ್ನ ಅವತ್ತು ನಂದು ಅಂದಿದ್ದಾ?’

ಅತ್ತೆ ನೀರು ಕುಡಿದು ಬಾಯಿ ಒರೆಸಿಕೊಂಡರು. ಸೆರಗಿನ ತುದಿಗೆ ಕಟ್ಟಿದ್ದ ವಿಭೂತಿಯನ್ನು ಹೆಬ್ಬೆರಳಲ್ಲಿ ತೆಗೆದು ನನ್ನ ಹಣೆಗೆ ಒತ್ತಿದರು.

‘ಏಳವ್ವಾ, ಬಸ್ ಓಯ್ತದೆ. ನಾಳೆ ನಿಂಗೆ ಇಸ್ಕೂಲದೆ’ ಎಂದು ನನ್ನ ಕೈ ಹಿಡಿದುಕೊಂಡು ಎದ್ದರು.